ದುಖೈಲದ ಬಾವಿಯ ಮೂರು ಸಾಲು

ಬಸ್ರಾ ಪಟ್ಟಣದಿಂದ ಬಂದಿದ್ದ ಹಫ್ಸ ಮೂರು ದಿನದಿಂದ ಡೇರೆಯ ನೆರಳಲ್ಲಿ ಕೂತು ಹದ ಮಾಡಿದ ತೊಗಲಿನ ಮೇಲೆ ಬರೆಯುತ್ತಿದ್ದ. ಮುದುಕ ಉಸೈಮ ಹೇಳುತ್ತಿದ್ದ. ಹೇಳುವವನಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮರಳಲ್ಲಿ ಗೆರೆ ಎಳೆಯುವನು, ಅಳಿಸುವನು. ಒಂಟೆ ಕೂಗಿದರೆ ಸಾಕು, ಎದ್ದು ಹೋಗಿ ನೋಡಿ ಬರುವನು.

ಕವಿ ಜಹ್ಮ ಸತ್ತು ನಲವತ್ತು ವರ್ಷವಾಗಿತ್ತು. ಅವನ ತೊಂಬತ್ತು ಸಾಲಿನ ಪದ್ಯ ಉಳಿದದ್ದು ಉಸೈಮನ ನಾಲಗೆಯ ಮೇಲೆ. ಮೀಸೆ ಬರುವ ಮೊದಲೇ ಉಸೈಮ ಆ ಕವಿಯ 'ಬಾಯಿ' ಆಗಿದ್ದ. ಕವಿ ಕಟ್ಟಿದ್ದನ್ನು ಇವನು ಕುಲಕುಲಕ್ಕೂ ಹೊತ್ತು ಹೇಳಬೇಕು, ಅದೇ ಅವನ ಬಾಳು. ಸಾಯುವಾಗ ಜಹ್ಮ ಕೈ ಹಿಡಿದು, "ಕೂಡಿಸ್ಬೇಡ, ಕಳೀಬೇಡ" ಎಂದು ಆಣೆ ಹಾಕಿಸಿಕೊಂಡಿದ್ದ.

"ಅಜ್ಜ, ಈ ಬಾವಿಯ ಮೂರು ಸಾಲಿಗಾಗಿ ಬಸ್ರಾದಿಂದ ನಡ್ಕೊಂಡೇ ಬರಬಹುದಿತ್ತು" ಎಂದ ಹಫ್ಸ. ಬರೆದದ್ದನ್ನು ಮತ್ತೆ ಓದಿದ: "ದುಖೈಲದ ಬಾವಿ ತಳದಲ್ಲೊಂದು ನಕ್ಷತ್ರ ಹಿಡಿದು ಕೂತಿದೆ, ಹಗ್ಗ ಇಳಿಸಿದವರ ಕೈಗೆ ಬಂದದ್ದು ಬರೀ ನೀರು... ಆಹಾ! ನಮ್ಮ ಗುರುಗಳು ಇದನ್ನ ಕೇಳಿದ್ರೆ ಖುಷಿಗೆ ಪೇಟ ಎಸೀತಾರೆ."

ಉಸೈಮ ನಗಲಿಲ್ಲ. ಎದ್ದು ಆಡುಗಳ ಕಡೆ ಹೋದ.

ಅಲ್ಲಿ ರುಮೈಲ ಹಾಲು ಕರೆಯುತ್ತಿದ್ದಳು. ಜಹ್ಮನ ಮಗಳು; ಉಸೈಮನ ವಾರಿಗೆಯವಳು, ಅವನ ಹಾಗೆಯೇ ಹಲ್ಲಿಲ್ಲದವಳು. ತಲೆಯೆತ್ತದೆ ಕೇಳಿದಳು:

"ಏನಯ್ಯಾ, ಆ ಬಾವಿ ತೋಡಿದ್ದು ಯಾವಾಗ?"

ಉಸೈಮ ತಿರುಗಿ ಡೇರೆಯ ಕಡೆ ನೋಡಿದ.

"ನಾನೇ ಮಣ್ಣು ಹೊತ್ತಿದೀನಿ, ನೆನಪಿದೆ. ನಮ್ಮಪ್ಪ ಸತ್ತು ಏಳು ವರ್ಷ ಆಗಿತ್ತು. ಗೋರಿಯಿಂದ ಎದ್ದು ಬಂದು ನೀರು ಕುಡಿದು ಹಾಡಿದ್ನಾ ಅವನು?"

"ಮೆಲ್ಲಗೆ ಮಾತಾಡು, ರುಮೈಲ."

"ಇಷ್ಟು ವರ್ಷ ಮೆಲ್ಲಗೇ ಇದ್ದೆ. ನಮ್ಮವರು ಹಾಡ್ಕೊಂಡ್ರೆ ಹಾಡ್ಕೊಳ್ಲಿ ಅಂತ. ಈಗ ತೊಗಲಿನ ಮೇಲೆ ಏರ್ತಿದೆಯಲ್ಲೋ! ಬಾಯಲ್ಲಿರೋದು ಬಾಯಿ ಜೊತೆ ಮಣ್ಣಾಗುತ್ತೆ. ಬರೆದದ್ದು ಆಗಲ್ಲ."

ಗುರು ಸತ್ತ ಒಂಬತ್ತನೇ ವರ್ಷ ಉಸೈಮನಿಗೆ ಜ್ವರ ಹೊಡೆದಿತ್ತು. ಎದ್ದಾಗ ಪದ್ಯದ ಮೂರು ಸಾಲು ನೆನಪಲ್ಲಿರಲಿಲ್ಲ. ಆಗಲೇ ಬೇರೆ ಕುಲದವರ ಮುಂದೆ ಹೇಳಬೇಕಾಗಿ ಬಂತು. ನಡುವೆ ತಡವರಿಸಿದರೆ ಕುಲದ ಮಾನ ಹೋಗುತ್ತದೆ. ಬಾಯಿಗೆ ಬಂದದ್ದನ್ನು ಕಟ್ಟಿ ತುಂಬಿದ. ಜನ ಹೋ ಎಂದು ಎದ್ದು ನಿಂತರು. ಆಮೇಲಾದರೂ ರುಮೈಲಳನ್ನು ಕೇಳಬಹುದಿತ್ತು. ಕವಿಯ ಬಾಯಿ ಎನಿಸಿಕೊಂಡವನು ಹೆಂಗಸನ್ನು ಹೋಗಿ ಕೇಳುವುದೇ ಎಂದು ಸುಮ್ಮನಾದ.

"ಹೇಳಿದ್ರೆ ಹಫ್ಸ ಬರೆದದ್ದೆಲ್ಲಾ ತೊಳೆದುಬಿಡ್ತಾನೆ" ಎಂದ. "ಪಕ್ಕದ ಕುಲದ ಮುದುಕ ಒಂದೇ ಒಂದು ಸುಳ್ಳು ಸಾಲು ಸೇರಿಸಿದ್ದಕ್ಕೆ ಇವನು ಹದಿನೆಂಟು ತೊಗಲು ತೊಳೆದನಂತೆ, ಅವನೇ ಹೇಳಿದ. ನಿಮ್ಮಪ್ಪನ ಒಂದು ಮಾತೂ ಉಳಿಯಲ್ಲ."

"ಹಾಗಾದ್ರೆ ನೀನೇ ಯೋಚ್ನೆ ಮಾಡು. ನಾಳೆ ಬೆಳಿಗ್ಗೆ ಅವನು ಹೊರಡ್ತಾನೆ" ಎಂದು ರುಮೈಲ ಇನ್ನೊಂದು ಆಡಿನ ಕಾಲು ಹಿಡಿದಳು.

ಉಸೈಮ ಡೇರೆಗೆ ಬಂದ, ತಿರುಗಿ ಹೊರಗೆ ಹೋದ. ಊಟಕ್ಕೆ ಕೂತವನು ಖರ್ಜೂರ ಕೈಯಲ್ಲೇ ಹಿಡಿದು ಎದ್ದ. ಹಫ್ಸ ತೊಗಲುಗಳನ್ನು ಸುತ್ತಿ ದಾರ ಕಟ್ಟುತ್ತಿದ್ದ. ಮೊದಲ ಗಂಟು ಬಿಗಿಯುವಾಗ ಮುದುಕನ ಬಾಯಿ ತಾನಾಗಿ ತೆರೆಯಿತು.

"ಬಾವಿಯ ಮೂರು ಸಾಲು ನಂದು."

ಹಫ್ಸ ಕಟ್ಟಿದ ಗಂಟು ಬಿಚ್ಚಿದ. ಆಮೇಲೆ ನೀರಿನ ಬಟ್ಟಲು ಹತ್ತಿರ ಎಳೆದುಕೊಂಡು ಅರಿವೆ ಅದ್ದಿದ.

"ಉಳಿದ ಎಂಬತ್ತೇಳನ್ನ ನಾನು ಯಾವ ಧೈರ್ಯದಲ್ಲಿ ನಂಬಲಿ, ಅಜ್ಜ?"

"ನನ್ನನ್ನ ನಂಬಬೇಡಿ. ಅವಳನ್ನ ಕೇಳಿ."

ಗಂಡಸರು ಕೂರುವ ಆ ನೆರಳಿಗೆ ರುಮೈಲಳನ್ನು ಕರೆದದ್ದು ಅದೇ ಮೊದಲು. ಅವಳು ಬಂದು ಕೂತಳು. ಹಫ್ಸ ಬರೆದದ್ದನ್ನು ನೋಡುತ್ತ, "ಮೊದಲಿಂದ ಹೇಳಮ್ಮ" ಎಂದ. ಅವಳು ಹೇಳಿದಳು. ಚಿಕ್ಕಂದಿನಲ್ಲಿ ಬೆಣ್ಣೆ ಕಡೆಯುತ್ತ ಅಪ್ಪ ಕಟ್ಟುವುದನ್ನು ಕೇಳಿಸಿಕೊಂಡವಳು ಅವಳು. ಹಫ್ಸನ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ಎಲ್ಲೂ ನಿಲ್ಲಲಿಲ್ಲ. ಬಾವಿ ಇದ್ದಲ್ಲಿಗೆ ಬಂದಾಗ ಅವಳ ಬಾಯಲ್ಲಿ ಬೇರೆಯದೇ ಬಂತು:

"ಕಜ್ಜಿ ಹತ್ತಿದ ಒಂಟೆಗೆ ಕೀಲೆಣ್ಣೆ ಬಳಿದೆವು. ಆ ನಾತಕ್ಕೆ ಅದರ ಮರಿಯೂ ದೂರ ಸರಿಯಿತು. ಆ ರಾತ್ರಿ ಅದರ ಪಕ್ಕ ಮಲಗಿದ್ದು ನಾನೊಬ್ಬನೇ."

ಉಸೈಮ ತಲೆಯೆತ್ತಿದ. ಹೌದು, ಇದೇ. ಗುರುವಿನ ಒರಟು ಗಂಟಲು ಕಿವಿಯಲ್ಲೇ ಕೇಳಿದಂತಾಯಿತು.

ಹಫ್ಸ ಮೂಗು ಸಿಂಡರಿಸಿದ. "ಕೀಲೆಣ್ಣೆ, ಕಜ್ಜಿ... ನಿಜ ಹೇಳಲಾ? ಅಜ್ಜನದೇ ಚೆನ್ನಾಗಿತ್ತು."

ಉಸೈಮನ ಮನಸ್ಸು ಒಂದು ಗಳಿಗೆ ಆ ಮಾತಿಗೆ ಜೋತುಬಿತ್ತು.

"ಒರೆಸಿ" ಎಂದ.

ನಕ್ಷತ್ರ ಹಿಡಿದ ಬಾವಿ ಒದ್ದೆ ಅರಿವೆಗೆ ಕಪ್ಪಾಗಿ ಅಂಟಿಕೊಂಡಿತು.

ಮರುದಿನ ಬೆಳಿಗ್ಗೆ ಹಫ್ಸ ಹೊರಟುಹೋದ ಮೇಲೆ ಉಸೈಮ ಒಂಟೆಗಳ ನಡುವೆ ಅತ್ತಿಂದಿತ್ತ ತಿರುಗುತ್ತ ಕಜ್ಜಿ ಒಂಟೆಯ ಮೂರು ಸಾಲು ಉರು ಹೊಡೆದ. ನಾಲ್ಕನೇ ಸಲ ಮತ್ತೆ 'ದುಖೈಲದ' ಎಂದುಬಿಟ್ಟ.

"ಏಯ್!" ಎಂದಳು ಆಡುಗಳ ನಡುವಿನಿಂದ ರುಮೈಲ. "ಮೊದಲಿಂದ ಹೇಳು."