ರಾಜಕುಮಾರನ ಮಾತು ಬಿಡಿಸಿ ಹೇಳುವವಳು

ತೈನಾನ್ ಕಡೆಯ ಆ ಮೀನುಕೊಳಗಳ ಊರಿನಲ್ಲಿ ದೇವರೆಂದರೆ ಒಬ್ಬ ತುಂಟ ಹುಡುಗ. ನೇಜಾ ಎಂದು ಹೆಸರು, ಆದರೆ ಊರವರು ಮೂರನೇ ರಾಜಕುಮಾರ ಎನ್ನುತ್ತಾರೆ. ಅವನ ಮುಂದೆ ಮಿಠಾಯಿ, ಬುಗುರಿ, ಹಾಲಿನ ಬಾಟಲಿ ಇಡುತ್ತಾರೆ. ನೀರಾಟದ ಜಗಳದಲ್ಲಿ ಸಮುದ್ರದ ಡ್ರ್ಯಾಗನ್ ರಾಜನ ಮಗನನ್ನೇ ಹೊಡೆದು ಕೊಂದವನು. ಅಪ್ಪ ರೇಗಿದಾಗ, ನಿಮ್ಮದು ನಿಮಗೇ ಇರಲಿ ಎಂದು ತನ್ನ ಮೈಯ ಮಾಂಸವನ್ನು ಅಮ್ಮನಿಗೂ ಎಲುಬನ್ನು ಅಪ್ಪನಿಗೂ ಹಿಂತಿರುಗಿಸಿ, ತಾವರೆಯಲ್ಲಿ ಮತ್ತೆ ಹುಟ್ಟಿ ಬಂದವನು. ಇಂಥವನನ್ನು ಪೂಜಿಸುವ ಊರಿನಲ್ಲೂ ಅಪ್ಪಂದಿರ ಗತ್ತಿಗೆ ಕೊರತೆಯಿಲ್ಲ, ಅದೇ ಸೋಜಿಗ.

ಈ ದೇವರು ಮೈಮೇಲೆ ಬರುವುದು ತಿಯಮ್‌ಹೊಕ್‌ಗೆ. ಅರವತ್ತು ದಾಟಿದ, ಮೀನು ಸಾಕುವ, ಸಿಡುಕು ಮೋರೆಯ ಆಸಾಮಿ. ದೇವರು ಬಂದನೆಂದರೆ ಮುದುಕ ಮಿಠಾಯಿ ಚೀಪುತ್ತ, ಕುಂಟಾಬಿಲ್ಲೆ ಆಡುವವರ ಹಾಗೆ ಕುಪ್ಪಳಿಸುತ್ತ ತೊದಲುತ್ತಾನೆ. ಆ ತೊದಲು ಅರ್ಥವಾಗುವುದು ಅವನ ಹೆಂಡತಿ ಸ್ಯೂಖಿಮ್‌ಗೆ ಮಾತ್ರ. ಪಕ್ಕದಲ್ಲಿ ನಿಂತು ಭಕ್ತರಿಗೆ ಬಿಡಿಸಿ ಹೇಳುವ ಆ ಕೆಲಸವನ್ನು ಅವಳು ತನ್ನ ಅಪ್ಪನಿಂದ ಕಲಿತಿದ್ದಳು. ದೇವರ ಮಾತಿಗೆ ಒಂದಕ್ಷರ ಸೇರಿಸಬಾರದು, ಒಂದಕ್ಷರ ಬಿಡಬಾರದು. ಅದರಲ್ಲಿ ಅವಳು ಎಂದೂ ತಪ್ಪಿದ್ದಿಲ್ಲ.

ಮನೆಯ ಲೆಕ್ಕ ಬೇರೆ. ಮಗಳು ಪೆಕ್‌ಹುನ್ ಕಟ್ಟಿಕೊಂಡ ಗಂಡನನ್ನು ಬಿಟ್ಟು ತವರಿಗೆ ಬಂದ ದಿನ ತಿಯಮ್‌ಹೊಕ್ ಬಾಗಿಲಲ್ಲೇ ಅವಳ ಕೆನ್ನೆಗೆ ಬಾರಿಸಿ, "ಮುಖ ತೋರಿಸ್ಬೇಡ ಹೋಗು" ಅಂದಿದ್ದ. ಸ್ಯೂಖಿಮ್ ಎಂದಿನಂತೆ ತೇಪೆ ಹಾಕಿದ್ದಳು: "ಸಂಕಟಕ್ಕೆ ಹೊಡೆದದ್ದು ಕಣೇ, ಮನಸ್ಸಲ್ಲಿಟ್ಕೋಬೇಡ." ಏಟಿಗಿಂತ ಆ ಮಾತಿಗೇ ಹೆಚ್ಚು ನೊಂದ ಮಗಳು ಪೇಟೆ ಸೇರಿ, ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಹಿಡಿದಳು. ಮತ್ತೆ ಹೊಸ್ತಿಲು ತುಳಿಯಲಿಲ್ಲ.

ರಾಜಕುಮಾರನ ಹುಟ್ಟುಹಬ್ಬದ ಮಧ್ಯಾಹ್ನ ಗುಡಿಯಲ್ಲಿ, ದೇವರು ಮುದುಕನ ಮೈಮೇಲೆ ಬಂದಿದ್ದಾಗ, ಭಕ್ತರ ಸಾಲಿನಲ್ಲಿ ಪೆಕ್‌ಹುನ್ ನಿಂತಿದ್ದಳು. ಮಗಳು ತಾಯಿಯತ್ತ ನೋಡದೆ ಮೊಣಕಾಲೂರಿದಳು.

"ರಾಜಕುಮಾರ, ಅಮ್ಮ ವಾರವಾರ ಫೋನ್ ಮಾಡಿ ಅಳ್ತಾಳೆ. ಅಪ್ಪನ ಕಾಲಿಗೆ ಬಿದ್ದು ಮನೆಗೆ ಬರ್ಲಾ?"

ಮುದುಕ ಮಿಠಾಯಿ ಕಡಿಯುವುದನ್ನು ನಿಲ್ಲಿಸಿದ. ತಲೆ ಕೊಡವಿ, ಕಾಲು ಅಪ್ಪಳಿಸಿ, ಏನೋ ತೊದಲಿದ.

ಸ್ಯೂಖಿಮ್‌ಗೆ ಎಲ್ಲವೂ ಸ್ಪಷ್ಟವಾಗಿ ಕೇಳಿತ್ತು. ಅದು ರಾಜಕುಮಾರನ ಮಾತೋ, ಗಂಡನ ಒಳಗೆಲ್ಲೋ ಹೂತಿದ್ದ ಮಾತೋ, ಇಷ್ಟು ವರ್ಷವಾದರೂ ಅವಳಿಗೆ ಬಗೆಹರಿದಿರಲಿಲ್ಲ. "ಬಾ ಅಂತಿದಾನೆ" ಎಂದು ಒಂದೇ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು, ಮಗಳು ಅಂದೇ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದಳು. ಕಂಡುಹಿಡಿಯುವವರು ಯಾರು? ಗಂಡನಿಗಂತೂ ಎಚ್ಚರವಾದ ಮೇಲೆ ಏನೂ ನೆನಪಿರುವುದಿಲ್ಲ. ಆ ಸುಳ್ಳು ನಾಲಿಗೆಯ ತುದಿಗೆ ಬಂತು. ಆದರೆ ಮಗಳು ಈಗ ತಲೆಯೆತ್ತಿ ತಾಯಿಯ ಬಾಯನ್ನೇ ನೋಡುತ್ತಿದ್ದಳು. ಇವಳು ಇವತ್ತೂ ತೇಪೆ ಹಾಕುತ್ತಾಳೆ ಎಂಬುದು ಆ ಕಣ್ಣುಗಳಿಗೆ ಗೊತ್ತಿತ್ತು.

"ಬರ್ಬೇಡ ಅಂತಿದಾನೆ." ಸ್ಯೂಖಿಮ್ ಬಿಡಿಸಿ ಹೇಳಿದಳು. "ಹೊಡೆದೋನು ಅಪ್ಪ, ಅವನೇ ಬಂದು ತಪ್ಪಾಯ್ತು ಅನ್ಲಿ. ಅಲ್ಲೀತನಕ ಯಾರ ಕಾಲಿಗೂ ಬೀಳ್ಬೇಡ. ಅಮ್ಮ ಅತ್ರೆ ಅಳ್ಲಿ ಅಂತಿದಾನೆ."

ಪೆಕ್‌ಹುನ್ ತಾಯಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. "ಕೊನೇದೂ ರಾಜಕುಮಾರನೇ ಅಂದಿದ್ದಾ, ಅಮ್ಮಾ?"

"ಹೂಂ ಕಣೇ. ಅದೂ ಅವನೇ."

ಮಗಳು ಎದ್ದು ತಾಯಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಬಸ್ಸಿನ ಕಡೆ ನಡೆದಳು. ಸ್ಯೂಖಿಮ್ ಹಿಂದೆ ಕರೆಯಲಿಲ್ಲ.

ಸಂಜೆ ತಿಯಮ್‌ಹೊಕ್‌ಗೆ ಎಚ್ಚರವಾಯಿತು. ಮೈಮೇಲೆ ಬಂದಾಗ ಆಡಿದ್ದನ್ನು ಅವನಿಗೆ ಹೇಳುವ ಪದ್ಧತಿಯಿಲ್ಲ. ಅವನೂ ಕೇಳುವವನಲ್ಲ. ಸ್ಯೂಖಿಮ್ ಮಿಠಾಯಿ ಅಂಟಿದ್ದ ಅವನ ಗದ್ದವನ್ನು ಒರೆಸುತ್ತ, "ಪೆಕ್‌ಹುನ್ ಬಂದಿದ್ಲು" ಅಂದಳು.

ಅವನು ಮುಖ ಗಂಟಿಕ್ಕಿದ. "ಏನಂತೆ ಮಹಾರಾಣೀದು?"

"ನೀನು ಹೋಗಿ ತಪ್ಪಾಯ್ತು ಅನ್ಬೇಕಂತೆ."

"ಯಾವ ನಾಲಿಗೆ ಹಾಗಂದಿದ್ದು? ಅವಳದಾ, ನಿಂದಾ?"

"ನಿಂದೇ," ಅಂದಳು ಸ್ಯೂಖಿಮ್. "ಊರೆಲ್ಲ ನೋಡ್ತಾ ಇತ್ತು."

ತಿಯಮ್‌ಹೊಕ್ ಗುಡಿಯ ಮೆಟ್ಟಿಲ ಮೇಲೆ ಕೂತು ಕೊಳಗಳ ಕಡೆ ನೋಡಿದ. ದೀಪ ಹಚ್ಚುವ ಹೊತ್ತಾದಾಗ, ಹೆಂಡತಿಯ ಕಡೆ ತಿರುಗದೆ ಕೇಳಿದ:

"ಅವಳ ಮನೆ ಇರೋದು ಯಾವ ಬೀದೀಲಿ?"