ಹಂಪಣ್ಣನ ಕೈಕೆಲಸ

ಚಪ್ಪಲಿ ಬಿಡುತ್ತಲೇ ಗೋಪಣ್ಣ ಗೋಣಿಚೀಲ ಸುತ್ತಿದ ಬಂದೂಕನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. ಪಡಸಾಲೆಯಲ್ಲಿ ಬಡಗಿ ಹಂಪಣ್ಣನ ಕಳೇಬರ ಮಲಗಿತ್ತು. ತಲೆದೆಸೆಯಲ್ಲಿ ಹರಳೆಣ್ಣೆಯ ದೀಪ ಉರಿಯುತ್ತಿತ್ತು.

"ಯಾವಾಗ ಹೋಯ್ತು ಜೀವ?"

"ಬೆಳಗಿನ ಜಾವ ಕಣಪ್ಪ," ಎಂದ ಹಂಪಣ್ಣನ ತಮ್ಮ ಚಿಕ್ಕತಿಮ್ಮಯ್ಯ. "ನಿಂಗ್ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಾನು ಈ ಬಂದೂಕಿನ ಕೆಲ್ಸಕ್ಕೆ ಬಂದೆ." ಅಮರಾಪುರದ ಕಡೆ ಕುರಿ ಸಾಕಿಕೊಂಡಿದ್ದ ಗೋಪಣ್ಣ ತಲೆ ತಗ್ಗಿಸಿದ. "ಎಲೆಕ್ಷನ್ ಅಲ್ವಾ, ಲೈಸೆನ್ಸ್ ಬಂದೂಕೆಲ್ಲ ಇವತ್ತು ಐದು ಗಂಟೆಯೊಳಗೆ ಸ್ಟೇಷನ್ನಿಗೆ ಒಪ್ಪಿಸ್ಬೇಕು. ಎರಡು ತುಂಡು ಮಾಡ್ಕೊಂಡು ಹೋದ್ರೆ ರೈಟರು ಮುಟ್ಟಾಕಿಲ್ಲ ಅಂತಾನೆ."

ಮೂಲೆಯಿಂದ ಮುದುಕಿ ಕಾಟಮ್ಮ ಕೇಳಿದಳು: "ಗುಂಡು ಹಾರ್ಸಿ ಕಳಿಸ್ತೀಯೇನಪ್ಪ? ಅವನೇನು ಮಿಲ್ಟ್ರಿಯವನೇ?"

ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮರವೇ ನಳಿಗೆಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದಿಡುವುದು. ಅದು ಕೂಡದಿದ್ದರೆ ಬಂದೂಕು ಬರಿಯ ಬಿಡಿ ಕಬ್ಬಿಣ. ಹಂಪಣ್ಣನ ಮನೆಯಲ್ಲಿ ಹೊಸದಾಗಿ ಕೆತ್ತಿದ್ದ ಆ ಮರ ಚೌಕಟ್ಟಿಗೆ ಇನ್ನೂ ಕೂತಿರಲಿಲ್ಲ.

ಮಗಳು ದೇವಿಕಾ ತಂದೆಯ ಕಾಲಬಳಿಯಿಂದ ಎದ್ದಳು. "ಕೊಡಿ ಮಾವ. ಸ್ವಲ್ಪವೇ ಉಳಿದೈತೆ."

* * *

ಹಂಪಣ್ಣನ ಕೈ ನಡುಗತೊಡಗಿ ಆರು ವರ್ಷವಾಗಿತ್ತು. ಬಂದೂಕಿನವರು ಪಡಸಾಲೆಯಲ್ಲಿ ಕುಳಿತಿರಲು, ಎಣ್ಣೆ ಹಚ್ಚುವ ನೆಪದಲ್ಲಿ ಅವನು ಬಂದೂಕನ್ನು ಒಳಗೆ ಒಯ್ಯುವನು. ಅಡಿಗೆಮನೆಯಲ್ಲಿ ದೇವಿಕಾ ಚೌಕಟ್ಟಿಗೆ ದೀಪದ ಮಸಿ ಹಿಡಿಸಿ, ಮರವನ್ನು ಅದಕ್ಕೊತ್ತಿ, ಮಸಿ ಅಂಟಿದಲ್ಲಿ ಮಾತ್ರ ಕೂದಲೆಳೆಯಷ್ಟು ಹೆರೆಯುವಳು. ಮತ್ತೆ ಮಸಿ, ಮತ್ತೆ ಉಳಿ. ಮಸಿ ಎಲ್ಲೆಡೆ ಸಮನಾಗಿ ಅಂಟಿದಾಗ ಮರ ಕೂತಿತೆಂದು ಲೆಕ್ಕ. ಹೊಗಳಿಕೆ ಪಡಸಾಲೆಯಲ್ಲಿ ತಂದೆಗೆ ಸಲ್ಲುತ್ತಿತ್ತು.

ಕಳೆದ ವಾರ ಅವನು ಅವಳನ್ನು ಬಳಿಗೆ ಕರೆದ. "ನಾನು ಹೋದ ಮೇಲೂ ಯಾರಿಗೂ ಹೇಳ್ಬೇಡ ಕಣವ್ವ. ಮಣ್ಣಿಗೆ ಹೋಗೋ ಹೊತ್ನಾಗೆ ಸುಳ್ಳುಗಾರ ಅನ್ನಿಸ್ಕೋಬಾರ್ದು."

"ಹಂಗಾದ್ರೆ ನನ್ನ ಬದುಕು ಹೆಂಗಪ್ಪ? ನನಗೆ ಬರೋದು ಇದೊಂದೇ. ನಂದು ಅಂತ ಗೊತ್ತಾಗ್ದೆ ಯಾರು ಬಂದೂಕು ತರ್ತಾರೆ?"

ಅವನು ನಡುಗುವ ಕೈಯನ್ನು ಚಾಚಿ ಹಾಗೆಯೇ ಹಿಡಿದಿದ್ದ. ನೋಡಲಾರದೆ ಅವಳು ಅದರ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

* * *

ಬೇರೆ ದೀಪ ಹಚ್ಚಲು ವ್ಯವಧಾನವಿರಲಿಲ್ಲ. ದೇವಿಕಾ ಚೌಕಟ್ಟನ್ನು ತಲೆದೆಸೆಯ ದೀಪದ ಮೇಲೆಯೇ ಹಿಡಿದಳು.

"ಅದು ಸತ್ತವರ ದೀಪ ಕಣೇ," ಎಂದಳು ಕಾಟಮ್ಮ.

ದೇವಿಕಾ ಮಸಿಯಂಟಿದಲ್ಲಿ ಹೆರೆದಳು, ಒತ್ತಿದಳು, ಹೆರೆದಳು. ನಾಲ್ಕನೆಯ ಸಲ ಮರ ಮೆಲ್ಲನೆ ಸದ್ದು ಮಾಡಿ ಕೂತುಕೊಂಡಿತು.

ಗೋಪಣ್ಣ ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರನ್ನು ಮರವೂ ಕಬ್ಬಿಣವೂ ಸೇರುವಲ್ಲಿ ಎಳೆದ. ಎಲ್ಲಿಯೂ ತಡೆಯಲಿಲ್ಲ. "ಹಂಪಣ್ಣನ ಕೈಯೇ ಕೈ," ಎಂದ. "ಪುಣ್ಯಾತ್ಮ ಮುಗಿಸೇ ಹೋಗವ್ನೆ. ನೀನು ಕೂರಿಸ್ದೆ ಅಷ್ಟೇ, ಅಲ್ವೇನಮ್ಮ?"

ಪಡಸಾಲೆಯ ಎಲ್ಲರೂ ಅವಳನ್ನೇ ನೋಡಿದರು. ಅವಳು ಬಾಯಿ ತೆರೆದಳು. ಬಿಳಿಯ ಬಟ್ಟೆಯ ಹೊರಗೆ ತಂದೆಯ ಕೈ ಆರು ವರ್ಷಗಳಲ್ಲಿ ಮೊದಲ ಬಾರಿಗೆ ಅಲುಗದೆ ಬಿದ್ದಿತ್ತು.

"ಹೂಂ ಮಾವ. ಅಪ್ಪನೇ ಮುಗ್ಸಿದ್ದು."

"ನೀ ಚಿಂತಿ ಮಾಡಬ್ಯಾಡವ್ವ," ಎಂದು ರಾಯದುರ್ಗದಿಂದ ಬಂದಿದ್ದ ಚಿಕ್ಕಮ್ಮನ ಮಗಳು ಸಾಯಿಲಕ್ಷ್ಮಿ ಅವಳ ಹೆಗಲು ತಬ್ಬಿದಳು. "ನನ್ನ ಕೂಡ ಬಾ. ನಮ್ಮ ಅಂಗಡ್ಯಾಗ ಜೀನ್ಸ್ ಹೊಲ್ಯಾಕ ಒಂದು ಮಿಷನ್ ಖಾಲಿ ಐತಿ."

ಚಿಕ್ಕತಿಮ್ಮಯ್ಯ ಕೈ ಚಾಚಿದ. "ಆ ಉಳಿ ಇತ್ತ ಕೊಡವ್ವ. ನಮ್ಮ ಮನೆತನದಾಗೆ ಕೆಲ್ಸದ ಉಳಿ ಕೆಲ್ಸಗಾರನ ಜೊತೆಗೇ ಮಣ್ಣಿಗೆ ಹೋಗ್ಬೇಕು."

ಅವಳ ಬೆರಳು ಸಡಿಲಲು ತುಸು ಹೊತ್ತು ಹಿಡಿಯಿತು.

ಚಿಕ್ಕತಿಮ್ಮಯ್ಯ ಅಣ್ಣನ ಸೆಟೆದ ಬೆರಳುಗಳನ್ನು ಮಡಿಸಿ ಉಳಿಯನ್ನು ಮುಷ್ಟಿಯೊಳಗಿಟ್ಟ. ದೇವಿಕಾ ತನ್ನ ಅಂಗೈಗೆ ಅಳೆದು ಕೊರೆದುಕೊಂಡಿದ್ದ ಸಣ್ಣ ಹಿಡಿ ಆ ಅಗಲವಾದ ಮುಷ್ಟಿಯಲ್ಲಿ ನಿಲ್ಲದೆ ಬಿಳಿಯ ಬಟ್ಟೆಯ ಮೇಲೆ ಜಾರಿತು. ಅವನು ಎತ್ತಿ ಮತ್ತೆ ತುರುಕಿದ. ಅದು ಮತ್ತೆ ಜಾರಿತು. ಕೊನೆಗೆ ಯಾರೋ ನೂಲು ಕೊಟ್ಟರು; ಅವನು ಮುಷ್ಟಿಯನ್ನೂ ಉಳಿಯನ್ನೂ ಸೇರಿಸಿ ಮೂರು ಸುತ್ತು ಸುತ್ತಿ, ಹಲ್ಲಿನಿಂದ ಎಳೆದು ಗಂಟು ಬಿಗಿದ.