ಒಂದೇ ಅಚ್ಚು

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನದಿಂದಲೇ ಶುರುಮಾಡುತ್ತಿದ್ದೇನೆ, ಓದುವವರು ಕ್ಷಮಿಸಬೇಕು. ನಾನು ಜೀವಶಾಸ್ತ್ರ ಕಲಿತದ್ದು ಸಂಜೆ ಕಾಲೇಜಿನಲ್ಲಿ. ಹಗಲೆಲ್ಲ ಔಷಧದ ಅಂಗಡಿಯಲ್ಲಿ ನಿಂತು, ಸಂಜೆ ಹಿಂದಿನ ಬೆಂಚಿನಲ್ಲಿ ಆಕಳಿಕೆ ನುಂಗುತ್ತ ಕಲಿತದ್ದು. ಈಗ ಒಂದು ಲ್ಯಾಬಿನಲ್ಲಿ ಸಹಾಯಕಿ. ಡಿಎನ್‌ಎ ಬಗ್ಗೆ ನಾನು ಹೇಳುವುದರಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಲಿ. ಅಕ್ಕನ ಬಗ್ಗೆ ಹೇಳುವುದರಲ್ಲಿ ತಪ್ಪಿದ್ದರೆ ಅವಳೇ ಬಂದು ಜಗಳ ತೆಗೆಯುತ್ತಾಳೆ, ಅದರ ಚಿಂತೆ ಯಾರಿಗೂ ಬೇಡ. ಕೋಪ ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ಕೋಪದಲ್ಲೇ ಬರೆಯುತ್ತಿದ್ದೇನೆ.

ಅಕ್ಕ ಮತ್ತು ನಾನು ಅವಳಿಗಳು. ಅವಳು ಮುಂಚೆ ಬಂದಳು, ನಾನು ಅವಳ ಹಿಂದೆಯೇ ಬಂದೆ. ಅಷ್ಟಕ್ಕೇ ಅವಳು ಅಕ್ಕ, ನಾನು ‘ಬಾಲ’. ಮನೆಯಲ್ಲಿ ಈಗಲೂ ನನ್ನನ್ನು ಕರೆಯುವುದು ಹಾಗೆಯೇ. ನೋಡಿದವರೆಲ್ಲ ಒಂದೇ ಅಚ್ಚು ಎನ್ನುತ್ತಿದ್ದರು. ಅವಳು ಶಾಲೆಯಲ್ಲಿ ಮಾಡಿದ ಪುಂಡಾಟಕ್ಕೆ ನನಗೆ ಏಟು ಬಿದ್ದಿದೆ. ಅವಳು ನನಗಿಂತ ತುಸು ಎತ್ತರ, ಮೈಯೂ ಗಟ್ಟಿ. “ಹೊಟ್ಟೇಲಿದ್ದಾಗಲೇ ನಿನ್ನ ಪಾಲೂ ತಿಂದ್ಕೊಂಡು ಬಂದಿದ್ದಾಳೆ ಕಣೇ” ಎಂದು ಅಮ್ಮ ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಏಣಿಯ ಮೇಲೆ ನಿಂತು, ಅಳತೆಗೋಲು ಇಲ್ಲದೆ, ಬ್ರಷ್ಷಿನಲ್ಲಿ ಒಂದೇ ಎಳೆತಕ್ಕೆ ನೇರ ಗೆರೆ ಎಳೆಯುತ್ತಿದ್ದರು. ಒಂದು ದಿನ ಗೆರೆ ಅಡ್ಡಾದಿಡ್ಡಿ ಹೋಯಿತು. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಚಿಮ್ಮತೊಡಗಿತು, ಆಮೇಲೆ ಕಾಲು, ಭುಜ, ಮುಖ. ಎಂದೂ ಗದರದ ಮನುಷ್ಯ ಅಮ್ಮನ ಮೇಲೆ ಬಣ್ಣದ ಡಬ್ಬಿ ಎಸೆದರು. ಕೊನೆಗೆ ನುಂಗುವುದೂ ಮರೆತುಹೋಗಿ ಸತ್ತರು.

ಅದು ಜೀನಿನಿಂದ ಬರುವ ಕಾಯಿಲೆ. ಡಿಎನ್‌ಎಯ ಒಂದು ಜಾಗದಲ್ಲಿ ಮೂರಕ್ಷರದ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ, ಮಗ್ಗಿ ಒಪ್ಪಿಸುವ ಮಗು ಒಂದೇ ಸಾಲಿಗೆ ಸಿಕ್ಕಿಕೊಂಡ ಹಾಗೆ. ಎಲ್ಲರಲ್ಲೂ ಬರುತ್ತದೆ. ಒಂದು ಮಿತಿಯೊಳಗಿದ್ದರೆ ಏನೂ ಆಗುವುದಿಲ್ಲ. ಮಿತಿ ಮೀರಿ ಉದ್ದವಾಗಿದ್ದರೆ ನಡುವಯಸ್ಸಿನ ಹೊತ್ತಿಗೆ ಕಾಯಿಲೆ ಬಂದೇ ಬರುತ್ತದೆ, ವಾಸಿಮಾಡುವ ಔಷಧವಿಲ್ಲ. ತಂದೆಯಿಂದ ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣತಮ್ಮಂದಿರು, ಅಕ್ಕತಂಗಿಯರಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ನಾಣ್ಯ ಚಿಮ್ಮಿದ ಹಾಗೆ. ನಾವು ಒಂದೇ ಅಚ್ಚಿನವರು, ಒಂದೇ ಮೊಟ್ಟೆ ಒಡೆದು ಇಬ್ಬರಾದವರು, ನಮಗಿಬ್ಬರಿಗೂ ಒಂದೇ ನಾಣ್ಯ.

ಅಪ್ಪ ಹೋದ ಮೇಲೆ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ನಾವು ಒಂದು ಮಾತು ಮಾಡಿಕೊಂಡೆವು. ಪರೀಕ್ಷೆ ಮಾಡಿಸುವುದಾದರೆ ಇಬ್ಬರೂ ಒಪ್ಪಿ ಮಾಡಿಸಬೇಕು. ಒಬ್ಬಳ ರಕ್ತ ಪರೀಕ್ಷೆಗೆ ಹೋದರೆ ಇನ್ನೊಬ್ಬಳ ಹಣೆಬರಹವೂ ಬಯಲಾಗುತ್ತದೆ. ನನಗೆ ತಿಳಿಯುವುದು ಬೇಡವಾಗಿತ್ತು. ನನ್ನ ಕೆಲಸವೆಲ್ಲ ಕೈಯದ್ದು. ಸಾಸಿವೆಗಿಂತ ಚಿಕ್ಕ ಹನಿಯನ್ನು ಪಿಪೆಟ್ಟಿನಲ್ಲಿ ಎತ್ತಿ ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಹಾಕುವುದು. ಕಾಯಿಲೆ ಇದೆಯೆಂದು ಗೊತ್ತಾದರೆ ಕೈಯಿಂದ ಜಾರಿದ ಪ್ರತಿಯೊಂದು ಚಮಚವೂ ‘ಶುರುವಾಯಿತು’ ಎನ್ನುತ್ತದೆ. ಗೊತ್ತಿಲ್ಲದಿದ್ದರೆ, ಜಾರಿದ ಚಮಚ ಬರೀ ಜಾರಿದ ಚಮಚವಾಗಿರಲು ಅರ್ಧ ಅವಕಾಶವಾದರೂ ಇರುತ್ತದೆ. ಇದು ಹೇಡಿತನವಿರಬಹುದು. ಆದರೆ ಆ ಅರ್ಧ ನನ್ನದಾಗಿತ್ತು.

ಅಕ್ಕ ಬಸ್ ಓಡಿಸುತ್ತಾಳೆ. ಒಂದು ಮಧ್ಯಾಹ್ನ ಡ್ಯೂಟಿ ಬಟ್ಟೆಯಲ್ಲೇ ನಮ್ಮ ಲ್ಯಾಬಿನ ಗೇಟಿಗೆ ಬಂದಳು. ಚಹಾದ ಯಂತ್ರದ ಹತ್ತಿರ ನಿಂತು ಎರಡು ಕಪ್ ತುಂಬಿಸಿ, ಒಂದನ್ನು ನನ್ನ ಕೈಗೆ ತುರುಕಿದಳು.

“ಬಾಲ, ನಮಗಿಲ್ಲ.”

“ಏನಿಲ್ಲ?”

“ಅಪ್ಪಂದು. ನಮಗಿಲ್ಲ ಕಣೇ. ಟೆಸ್ಟ್ ಮಾಡಿಸ್ದೆ. ಮಿತಿಯೊಳಗೇ ಇದೆ, ನಾರ್ಮಲ್.”

ಅವಳು ನನ್ನನ್ನು ತಬ್ಬಿಕೊಳ್ಳಲು ಬಂದಳು. ನಾನು ಹಿಂದೆ ಸರಿದೆ. ಚಹಾ ಕೈಮೇಲೆ ಚೆಲ್ಲಿ ಸುಟ್ಟಿತು.

“ಯಾರನ್ನ ಕೇಳಿ ಮಾಡಿಸ್ದೆ?”

“ನನ್ನ ರಕ್ತ ಕೊಡೋಕೆ ಯಾರನ್ನ ಕೇಳ್ಬೇಕಿತ್ತು?”

“ಅದು ನಿನ್ನ ರಕ್ತ ಅಷ್ಟೇ ಅಲ್ಲ. ಮಾತಾಡ್ಕೊಂಡಿದ್ವಲ್ಲ.”

“ಮಾತಾಡ್ಕೊಂಡಿದ್ವಿ. ಆಮೇಲೆ ನಾನು ದಿನಾ ಒಂದು ಬಸ್ ಜನಾನ ಹಿಂದೆ ಕೂರಿಸ್ಕೊಂಡು ಓಡಿಸ್ತಾನೇ ಇದ್ದೀನಿ. ಸ್ಟೇರಿಂಗ್ ಮೇಲೆ ಕೈ ಒಂದ್ಸಲ ಚಿಮ್ಮಿದ್ರೆ ಏನಾಗತ್ತೆ ಅಂತ ಯೋಚ್ನೆ ಮಾಡಿದ್ಯಾ? ನಿನ್ನ ಭಾವಂಗೆ ಮಗು ಬೇಕು. ನಾನು ಇನ್ನೆಷ್ಟು ದಿನ ಸುಮ್ನಿರ್ಲಿ?”

“ಹಾಗಂತ ನನ್ನ ಹತ್ರ ಬಂದು ಹೇಳ್ಬೇಕಿತ್ತು.”

“ಹೇಳಿದ್ರೆ ಬೇಡ ಅಂತಿದ್ದೆ.”

“ಕಾಯಿಲೆ ಇದ್ದಿದ್ರೆ ಏನ್ ಮಾಡ್ತಿದ್ದೆ?”

“ನಿಂಗೆ ಹೇಳ್ತಿರ್ಲಿಲ್ಲ.”

“ನಿನ್ನ ಹೊಟ್ಟೇಲಿ ಯಾವ ಮಾತು ನಿಂತಿದೆ ಇವತ್ತಿನವರೆಗೂ? ನೀನು ಬಸ್ ಓಡಿಸೋದು ಬಿಟ್ಟ ದಿನವೇ ನಂಗೆ ಗೊತ್ತಾಗ್ತಿತ್ತು. ನಿನ್ನ ಮುಖ ನೋಡಿದ್ರೆ ಸಾಕಿತ್ತು, ಅದು ನನ್ನದೇ ಮುಖ ಅಲ್ವಾ?”

ಗೇಟಿನ ಕಾವಲುಗಾರ ನಮ್ಮನ್ನು ನೋಡಿ, “ಏನಮ್ಮ, ಕನ್ನಡಿ ಜೊತೆ ಜಗಳಾನಾ?” ಎಂದ. ಅಕ್ಕ ನಕ್ಕಳು. ಆ ನಗುವಿಗೆ ನನ್ನ ಮೈಯೆಲ್ಲ ಉರಿದುಹೋಯಿತು.

“ಅವಳಿ ಇದ್ದಾಳೆ ಅಂತ ಹೇಳಿದ್ಯಾ ಆಸ್ಪತ್ರೇಲಿ?”

ಅವಳು ಕಪ್ಪಿನೊಳಗೆ ನೋಡಿದಳು. “ಒಬ್ಬಳು ತಂಗಿ ಇದ್ದಾಳೆ ಅಂದೆ. ಅದೇನು ಸುಳ್ಳಾ? ಅವಳಿ ಅಂದಿದ್ರೆ ನಿನ್ನನ್ನೂ ಕರೆದು ಕೂರಿಸಿ ಕೇಳ್ತಿದ್ರು. ಒಳ್ಳೇ ಸುದ್ದಿ ತಂದವಳಿಗೆ ಹೀಗೆ ಬೈಯೋರನ್ನ ನಾನು ನೋಡೇ ಇಲ್ಲ ಕಣೇ.”

ಆಮೇಲೆ ನಾನು ಅವಳ ಫೋನ್ ಎತ್ತಲಿಲ್ಲ. ಸುದ್ದಿ ಒಳ್ಳೆಯದಾದ ಮಾತ್ರಕ್ಕೆ ಕದ್ದದ್ದು ಕದ್ದದ್ದಲ್ಲವೆಂದಾಗುತ್ತದೆಯೇ? ತಿಳಿಯದಿರುವ ನನ್ನ ಹಕ್ಕನ್ನು ಅವಳು ಬಸ್ಸಿನ ಬ್ರೇಕ್ ಒತ್ತಿದಷ್ಟು ಸಲೀಸಾಗಿ ತುಳಿದಿದ್ದಳು. ಅಮ್ಮ ನನ್ನ ಜೊತೆಗೇ ಇರುತ್ತಾಳೆ. “ಅವಳು ಮಾಡಿದ್ದು ತಪ್ಪೇ, ಆದ್ರೆ ನೀನೂ ಎಷ್ಟು ದಿನ ಮೂತಿ ಊದಿಸ್ಕೊಂಡಿರ್ತೀಯ?” ಎಂದು ದಿನಾ ಗೊಣಗಿದಳು. ಆದರೂ ಒಂದು ಮಾತು ಮುಚ್ಚಿಡಬಾರದು. ಒಂದು ಬೆಳಿಗ್ಗೆ ಲೋಟ ಕೈಜಾರಿ ಒಡೆಯಿತು, ನಾನು ಚೂರುಗಳನ್ನು ಗುಡಿಸಿ ಹಾಕಿ ಕೆಲಸಕ್ಕೆ ಹೊರಟೆ. ಬಸ್‌ಸ್ಟಾಪಿಗೆ ಬಂದ ಮೇಲೆ ನೆನಪಾಯಿತು, ನನಗೆ ಭಯವೇ ಆಗಿರಲಿಲ್ಲ ಎಂದು. ಅಕ್ಕನ ಮೇಲೆ ಕೋಪ ಹಾಗೆಯೇ ಇತ್ತು, ಅದರ ಕೆಳಗೆ ಅಕ್ಕ ಕೊಟ್ಟ ನೆಮ್ಮದಿಯನ್ನು ನಾನು ಸದ್ದಿಲ್ಲದೆ ಅನುಭವಿಸುತ್ತಿದ್ದೆ. ಅದಕ್ಕೂ ಕೋಪ ಬಂತು.

ಅಷ್ಟರಲ್ಲಿ ಲ್ಯಾಬಿಗೆ ಹೊಸ ಕಿಟ್ ಬಂತು. ಎರಡು ಮಾದರಿಗಳು ಒಬ್ಬರದೇ, ಸಂಬಂಧಿಕರದೇ, ಬೇರೆಯವರದೇ ಎಂದು ಹೋಲಿಸಿ ನೋಡುವ ಕಿಟ್. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಿ, ಅದಕ್ಕೆ ಸರಿಯಾದ ಉತ್ತರ ಬಂದ ಮೇಲೆಯೇ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಹೋಗುವುದು ನಮ್ಮ ಕೆಲಸದ ಪದ್ಧತಿ. ಹಾಗೆ ಉತ್ತರ ಮೊದಲೇ ಗೊತ್ತಿರುವ ಮಾದರಿಗೆ ಕಂಟ್ರೋಲ್ ಎನ್ನುತ್ತೇವೆ. ಲ್ಯಾಬಿನ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತೇವೆ. ಅವರು ಬಂದು ಕೇಳಿದರು:

“ನೀವು ಅವಳಿ ಅಲ್ವಾ? ಒಂದೇ ಥರದವರು. ನೀವೂ ನಿಮ್ಮ ಅಕ್ಕನೂ ಕೆನ್ನೆಯ ಮಾದರಿ ಕೊಟ್ರೆ ಒಳ್ಳೇ ಕಂಟ್ರೋಲ್ ಆಗತ್ತೆ. ಬಲವಂತ ಇಲ್ಲ. ಕಾಯಿಲೆಗೀಯಿಲೆ ಏನೂ ನೋಡಲ್ಲ, ಬರೀ ಹೋಲಿಕೆ.”

ಅಪ್ಪನ ವಿಷಯ ಅವರಿಗೆ ಗೊತ್ತಿರಲಿಲ್ಲ. ಬೇಡ ಎನ್ನಬಹುದಿತ್ತು. ಆದರೆ ಅಕ್ಕನನ್ನು ಕರೆಯಲು ನನಗೊಂದು ನೆಪ ಬೇಕಿತ್ತು, ಒಪ್ಪಿಗೆ ಕೇಳುವುದು ಹೇಗೆಂದು ಅವಳಿಗೆ ತೋರಿಸುವ ಹಟವೂ ಇತ್ತು. ಅವಳು ಬಂದಳು. ನಾನು ಒಪ್ಪಿಗೆಯ ಹಾಳೆಯನ್ನು ಪೂರ್ತಿ ಓದಿ ಹೇಳಿದೆ.

“ನೋಡಿ ಕಲಿ ಅಂತ ಓದ್ತಿದ್ದೀಯಾ?”

“ಹೌದು.”

“ಸರಿ ಟೀಚರ್. ಬಾಯಿ ಎಷ್ಟು ಅಗಲ ತೆಗೀಲಿ? ಹಲ್ಲುಜ್ಜಿದೀನಿ, ಹೆದರ್ಬೇಡ.”

ಹತ್ತಿ ಸುತ್ತಿದ ಕಡ್ಡಿಯಿಂದ ಅವಳ ಕೆನ್ನೆಯ ಒಳಬದಿ ಉಜ್ಜಿದೆ, ಆಮೇಲೆ ನನ್ನದು. ಬೇಕಾದೀತೆಂದು ಎರಡೆರಡು ಕಡ್ಡಿ ತೆಗೆದುಕೊಳ್ಳುವುದು ವಾಡಿಕೆ. ಹೋಗುವಾಗ ಅವಳು ನನ್ನ ಜಡೆ ಎಳೆದಳು. ನಾನು ನಗಲಿಲ್ಲ, ಆದರೆ ಬೈಯಲೂ ಇಲ್ಲ.

ಈ ಹೋಲಿಕೆಗೂ ನೋಡುವುದು ಮತ್ತೆ ಮತ್ತೆ ಬರುವ ತುಣುಕುಗಳನ್ನೇ, ಆದರೆ ಕಾಯಿಲೆಗೆ ಸಂಬಂಧವಿಲ್ಲದ ಬೇರೆ ಜಾಗಗಳಲ್ಲಿ. ಆ ಜಾಗಗಳನ್ನಷ್ಟೇ ಯಂತ್ರದಲ್ಲಿ ಬಿಸಿಮಾಡಿ, ತಣಿಸಿ, ಮತ್ತೆ ಬಿಸಿಮಾಡಿ, ನಕಲಿನ ಮೇಲೆ ನಕಲು ತೆಗೆಯುತ್ತೇವೆ. ನಕಲುಗಳನ್ನು ಕೂದಲಿನಷ್ಟು ಸಣ್ಣ ಕೊಳವೆಯಲ್ಲಿ ಓಡಿಸಿದರೆ ಗಿಡ್ಡನೆಯವು ಮೊದಲು ಬರುತ್ತವೆ, ಉದ್ದನೆಯವು ಆಮೇಲೆ. ಪರದೆಯ ಮೇಲೆ ಅವು ಚೂಪು ಗುಡ್ಡಗಳ ಸಾಲಾಗಿ ಕಾಣುತ್ತವೆ. ಒಂದೇ ಅಚ್ಚಿನ ಅವಳಿಗಳಿಗೆ ಎರಡೂ ಸಾಲು ಒಂದೇ ಆಗಿರಬೇಕು.

ಆಗಿರಲಿಲ್ಲ.

ಟ್ಯೂಬ್ ಅದಲುಬದಲಾಗಿರಬೇಕು ಎಂದುಕೊಂಡೆ. ಏನಾದರೂ ಕೆಟ್ಟರೆ ಅದು ನನ್ನಿಂದಲೇ ಎಂದುಕೊಳ್ಳುವುದು ನನ್ನ ಹುಟ್ಟುಗುಣ. ಮತ್ತೆ ಮಾಡಿದೆ. ಅದೇ ಗುಡ್ಡಗಳು, ಅದೇ ಜಾಗದಲ್ಲಿ. ಮೇಡಂಗೆ ಹೇಳಿದೆ. ಉಳಿದ ಕಡ್ಡಿಗಳಿಂದ ಅವರೇ ಕೂತು ಮೊದಲಿನಿಂದ ಮಾಡಿದರು. ನಾನು ಬಾಗಿಲ ಬಳಿ ಉಗುರು ಕಚ್ಚುತ್ತ ನಿಂತಿದ್ದೆ.

“ನಿಮ್ಮ ಕೈದು ಏನೂ ತಪ್ಪಿಲ್ಲ,” ಎಂದರು ಮೇಡಂ. “ಕಿಟ್ಟೂ ಸರಿಯಾಗಿದೆ. ಕೆಲವು ಕಡೆ ಹೊಂದತ್ತೆ, ಕೆಲವು ಕಡೆ ಇಲ್ಲ. ನೀವು ಅಕ್ಕತಂಗಿ ಅನ್ನೋದ್ರಲ್ಲಿ ಅನುಮಾನ ಇಲ್ಲ. ಒಟ್ಟಿಗೆ ಹುಟ್ಟಿದ್ರಿ, ಅಷ್ಟೇ. ಬೇರೆ ಬೇರೆ ಮೊಟ್ಟೆ. ಕೆಲವರಲ್ಲಿ ಹೋಲಿಕೆ ಜಾಸ್ತಿ ಇರತ್ತೆ, ಎಲ್ಲರೂ ಮೋಸ ಹೋಗ್ತಾರೆ.” ಆಮೇಲೆ ನಗುತ್ತ, “ಕಂಟ್ರೋಲ್‌ಗೆ ಬೇರೆ ಯಾರನ್ನಾದ್ರೂ ಹುಡುಕ್ಬೇಕು ಈಗ,” ಎಂದರು.

ಬೇರೆ ಮೊಟ್ಟೆ. ಅಂದರೆ ಬೇರೆ ನಾಣ್ಯ. ಅಕ್ಕನದು ಒಳ್ಳೆಯ ಮುಖವಾಗಿ ಬಿದ್ದಿತ್ತು. ನನ್ನದು ಇನ್ನೂ ಗಾಳಿಯಲ್ಲೇ ಇತ್ತು.

ಅಕ್ಕನಿಗೆ ಸಂಜೆ ಮನೆಗೆ ಬರಲು ಹೇಳಿದೆ. ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ನಾನು ಚಪ್ಪಲಿ ಕೂಡ ಬಿಡದೆ ಹೇಳಿದೆ, ನಾವು ಒಂದೇ ಅಚ್ಚಲ್ಲ ಎಂದು.

“ಹೋಗೇ,” ಎಂದಳು ಅಕ್ಕ. “ನಿನ್ನ ಯಂತ್ರಕ್ಕೆ ಕಣ್ಣಿಲ್ಲ.”

“ಅಮ್ಮ, ನಾವು ಒಂದೇ ಅಂತ ನಿಂಗೆ ಯಾರು ಹೇಳಿದ್ದು? ಡಾಕ್ಟರಾ?”

ಅಮ್ಮನ ಕೈ ನಿಂತಿತು. “ಯಾವ ಡಾಕ್ಟರೂ ಹೇಳ್ಲಿಲ್ಲ. ನೋಡೋಕೆ ಒಂದೇ ಥರ ಇದ್ರಿ. ನಾನೇ ಅಂದೆ. ಆಮೇಲೆ ಎಲ್ಲರೂ ಅಂದ್ರು.”

ಅಷ್ಟೇ. ಇಷ್ಟು ವರ್ಷ ನಾವು ಭಯಪಟ್ಟದ್ದು, ಮಾತು ಮಾಡಿಕೊಂಡದ್ದು, ಜಗಳವಾಡಿದ್ದು, ಎಲ್ಲ ನಿಂತಿದ್ದದ್ದು ‘ನೋಡೋಕೆ ಒಂದೇ ಥರ’ ಎಂಬುದರ ಮೇಲೆ. ಸಂಜೆ ಕಾಲೇಜಿನಲ್ಲಿ ಎರಡು ಬಗೆಯ ಅವಳಿಗಳ ಪಾಠ ನಾನೂ ಓದಿದ್ದೆ, ನಮ್ಮನ್ನು ಕೇಳಿಕೊಳ್ಳಬೇಕೆಂದು ಹೊಳೆದಿರಲಿಲ್ಲ. ಅಕ್ಕ ಆಸ್ಪತ್ರೆಯಲ್ಲಿ ಅವಳಿ ಎಂಬ ಒಂದು ಶಬ್ದ ಬಾಯಿಬಿಟ್ಟಿದ್ದರೆ, ಅವರಾದರೂ ಎಂಥ ಅವಳಿ ಎಂದು ಕೇಳುತ್ತಿದ್ದರು.

ಅಕ್ಕನ ಮುಖ ಮೆಲ್ಲಗೆ ಬಣ್ಣಗೆಟ್ಟಿತು. “ಅಂದ್ರೆ ನಂದು ನಂಗೆ ಮಾತ್ರ.”

“ಹೌದು. ನಮಗಿಲ್ಲ ಅಂದ್ಯಲ್ಲ, ಅದು ನಮಗೆ ಅಲ್ಲ. ನಿಂಗೆ.”

“ಬಾಲ, ನಂಗೆ ಗೊತ್ತಿರ್ಲಿಲ್ಲ.”

“ಗೊತ್ತಿಲ್ಲದೆ ಇರೋದು ನಂಗೆ ಬೇಕಿತ್ತು. ನೀನು ಅದನ್ನ ಕಿತ್ಕೊಂಡೆ. ಅದರ ಬದಲು ನೆಮ್ಮದಿ ಕೊಟ್ಟೆ. ಈಗ ಅದೂ ಇಲ್ಲ. ನಾನು ಲೋಟ ಒಡೆದು ಆರಾಮಾಗಿ ಕೆಲಸಕ್ಕೆ ಹೋದೆ ಕಣೇ, ಗೊತ್ತಾ ನಿಂಗೆ?”

“ನೀನೂ ಮಾಡಿಸು. ನಾನು ರಜೆ ಹಾಕಿ ಜೊತೆಗೆ ಬರ್ತೀನಿ.”

“ಬರ್ತೀಯ. ಬಂದು ನಾರ್ಮಲ್ ಆಗಿ ನನ್ನ ಪಕ್ಕದಲ್ಲಿ ಕೂರ್ತೀಯ.”

“ಮತ್ತೇನು, ನಂಗೂ ಇರ್ಬೇಕಿತ್ತಾ?”

ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ತಡೆದೆ. ಅಕ್ಕನಿಗೆ ಅದು ಕಂಡಿತೆಂದೇ ನನ್ನ ಅನುಮಾನ. ಅವಳು ನನ್ನ ಬಲಗೈಯನ್ನು ಹಿಡಿದುಕೊಂಡು, ಬೆರಳುಗಳನ್ನು ಬಿಡಿಸಿ ನೋಡತೊಡಗಿದಳು. ಅಪ್ಪನ ಕೈಯನ್ನು ನಾವಿಬ್ಬರೂ ಒಂದು ಕಾಲದಲ್ಲಿ ಹಾಗೆ ನೋಡುತ್ತಿದ್ದೆವು, ಚಿಮ್ಮುತ್ತದೆಯೋ ಇಲ್ಲವೋ ಎಂದು. ನಾನು ಕೈ ಕಿತ್ತುಕೊಂಡೆ.

“ನನ್ನ ಕೈ ನೋಡ್ಬೇಡ. ಇನ್ಮೇಲೆ ಯಾವತ್ತೂ ನೋಡ್ಬೇಡ.”

“ಅವಳಿಗೆ ಬೇಡ ಅಂದ್ರೆ ಬೇಡ,” ಎಂದಳು ಅಮ್ಮ, ಬಟ್ಟೆಯ ಕಡೆಗೇ ನೋಡುತ್ತ. “ಮತ್ತೆ ಅವಳನ್ನ ಕೇಳದೆ ಏನೂ ಮಾಡ್ಬೇಡ ನೀನು.” ಅಕ್ಕ ತಲೆಯಾಡಿಸಿದಳು. ಅವಳಂತೆ ಇರಬಾರದು, ನನ್ನ ರಕ್ತ ನನ್ನದೇ ಆಗಿರಬೇಕು ಎಂದು ಆ ಚಹಾ ಯಂತ್ರದ ಮುಂದೆ ಮನಸ್ಸಿನಲ್ಲೇ ಬಯಸಿದವಳು ನಾನೇ ತಾನೇ. ಆಗಿತ್ತು. ಈಗ ಕಾವಲುಗಾರ ಹೇಳಿದ ಆ ಕನ್ನಡಿಯ ಆಚೆ ಬದಿಯಲ್ಲಿ ಬೇರೆ ಯಾರೋ ಒಬ್ಬಳು ನಿಂತಿದ್ದಳು.

ಕಂಟ್ರೋಲ್ ಆಗಲಾರದ ಮಾದರಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಮರುದಿನ ಫ್ರೀಜರಿನಿಂದ ನನ್ನ ಟ್ಯೂಬನ್ನು ನಾನೇ ತೆಗೆದೆ. ಬೆರಳ ತುದಿಯಷ್ಟು ಪ್ಲಾಸ್ಟಿಕ್ಕಿನ ತಳದಲ್ಲಿ ಒಂದು ಹನಿ, ನೀರಿನಷ್ಟೇ ತಿಳಿ. ಅಪ್ಪನ ಗೆರೆ ಕೆಡಿಸಿದ ಆ ಜಾಗವೂ ಅದರೊಳಗೇ ಇತ್ತು. ಅದನ್ನು ಓದುವುದು ಹೇಗೆಂದು ನನಗೆ ಗೊತ್ತು, ಯಂತ್ರ ಪಕ್ಕದಲ್ಲೇ ಖಾಲಿ ಇತ್ತು. ಕೈ ನಡುಗಿತು. ಕೋಪಕ್ಕೆ ನಡುಗಿತೆಂದು ಆಗ ನನಗೆ ನಾನೇ ಹೇಳಿಕೊಂಡೆ. ಟ್ಯೂಬನ್ನು ಸುಡುವ ಕಸದ ಡಬ್ಬಿಗೆ ಎಸೆದೆ. ಎಸೆದರೂ ಅದು ನನ್ನ ಮೈಯ ಕಣಕಣದಲ್ಲೂ ಇದೆ ಎಂಬಷ್ಟು ಸಂಜೆ ಕಾಲೇಜು ನನಗೂ ಕಲಿಸಿದೆ.

ಅಕ್ಕ ದಿನಾ ಫೋನ್ ಮಾಡುತ್ತಾಳೆ. ಊಟ ಆಯ್ತಾ ಎನ್ನುತ್ತಾಳೆ. ಅವಳು ನಿಜವಾಗಿ ಕೇಳುತ್ತಿರುವುದೇನೆಂದು ನನಗೆ ತಿಳಿಯುತ್ತದೆ, ಸಿಟ್ಟು ಬರುತ್ತದೆ, ಆಯ್ತು ಎನ್ನುತ್ತೇನೆ. ಆ ಹನಿಯಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಮುಂದೆಂದಾದರೂ ತಿಳಿಯಬೇಕು ಎನಿಸುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.